ಒಂದು ಅಂಗೈ ಜಾಗ

ಮೈಸೂರು
18 ಜುಲೈ 2023

ಮಶಾಕಸಾಬ ಕಾಕಾ ಅವರಿಗೆ ರೋಹಿಣಿಯ ನಮಸ್ಕಾರ.

ನೀವು ಹೇಳಿದ್ದೇ ಆಯಿತು. "ಆ ನಿಚ್ಚಣಿಕಿ ಹತ್ತಬ್ಯಾಡ್ರಿ ಬಾಯಾರ, ಅದರ ಕಾಲೂ ನನ್ನ ಕಾಲೂ ಒಂದ ವಯಸ್ಸಿನವು" ಎಂದು ಎರಡು ಸಲ ಕೂಗಿದಿರಿ. ನಾನು ಹತ್ತಿದೆ, ಬಿದ್ದೆ. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಚಳಿಗಾಲದವರೆಗೆ ಮೈಸೂರು ಬಿಟ್ಟು ಅಲುಗಾಡಬಾರದು ಎಂದು ಡಾಕ್ಟರರ ಅಪ್ಪಣೆ. ಚರ್ಚು ರಿಪೇರಿ ಮಾಡಿಸಲು ಬಂದ ಇಂಜಿನಿಯರಮ್ಮನೇ ರಿಪೇರಿಗೆ ಬಂದಳು ಎಂದು ಅಣ್ಣಿಗೇರಿಯಲ್ಲಿ ನಗುತ್ತಿರಬಹುದು. ನಗಲಿ ಬಿಡಿ.

ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳಿಸುವುದಿಲ್ಲ. ಮೇಲ್ವಿಚಾರಕ ಪ್ರಭು ಅವರನ್ನು ನಡುವೆ ನಿಲ್ಲಿಸಿದರೆ ನಾನು ಹೇಳಿದ್ದು ಒಂದು, ನಿಮಗೆ ಮುಟ್ಟುವುದು ಇನ್ನೊಂದು. ಅವರು ಮೊಬೈಲಿನಲ್ಲಿ ಫೋಟೋ ಕಳಿಸುತ್ತಾರೆ, ನಿಜ. ಆದರೆ ಫೋಟೋದಲ್ಲಿ ಹದ ಬಂದ ಸುಣ್ಣವೂ ಮೊಸರೂ ಒಂದೇ ತರಹ ಕಾಣುತ್ತವೆ. ಅದಕ್ಕೆ ಈ ಕಾಗದ. ನೀವೂ ಬರೆಯಿರಿ.

ಮೊದಲು ಎಡಗಡೆ ಗೋಡೆಯ ಸಿಮೆಂಟು ಕೆತ್ತಿ ತೆಗೆಸಿ. ನಲವತ್ತು ವರ್ಷದ ಹಿಂದೆ ಯಾರೋ ಬಳಿದ ಆ ಸಿಮೆಂಟಿನಿಂದಲೇ ವಿಕ್ಟೋರಿಯಾ ರಾಣಿಯ ಕಾಲದ ಗೋಡೆ ಒಳಗೊಳಗೇ ಕೊಳೆತಿದೆ. ಹತ್ತಿಯ ಬೀಜ ಬಿಡಿಸುವ ಎರಡು ಜಿನ್ನಿಂಗ್ ಫ್ಯಾಕ್ಟರಿಗಳ ನಡುವೆ ಸಿಕ್ಕಿಬಿದ್ದು, ಹನ್ನೆರಡು ವರ್ಷ ಬೀಗ ಹಾಕಿಸಿಕೊಂಡು ಕೂತ ಕಟ್ಟಡ ಅದು. ಡಿಸೆಂಬರ್ 24ಕ್ಕೆ ಬಾಗಿಲು ತೆರೆದು ಪ್ರಾರ್ಥನೆ ಮಾಡುತ್ತೇವೆಂದು ಚರ್ಚಿನ ಟ್ರಸ್ಟಿನವರು ಊರಿಗೆಲ್ಲ ಹೇಳಿಬಿಟ್ಟಿದ್ದಾರೆ. ನನ್ನ ಮರ್ಯಾದೆ ನಿಮ್ಮ ಗಾರೆ ಬಳಿಯುವ ಕರಣಿಯ ಮೇಲಿದೆ.

ನಿಮ್ಮ
ರೋಹಿಣಿ


ಅಣ್ಣಿಗೇರಿ
29 ಜುಲೈ 2023

ರೋಹಿಣಿಬಾಯಿಯವರಿಗೆ ಗೌಂಡಿ ಮಶಾಕಸಾಬನ ಸಲಾಮು.

ಕಾಗದ ಮುಟ್ಟಿತು. ಇಪ್ಪತ್ತು ವರ್ಷದ ಮೇಲೆ ನನ್ನ ಹೆಸರಿಗೆ ಬಂದ ಕಾಗದ. ಅಂಚೆಯವನು ಓದಿ ಹೇಳಲೇ ಎಂದು ಸನ್ನೆ ಮಾಡಿದ. ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ ಎಂದು ಗದರಿಸಿ ಕಳಿಸಿದೆ. ಬೇಸಿಗೆಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ, ಸುಗ್ಗಿಯಲ್ಲಿ ಹತ್ತಿ ಜಿನ್ನಿನ ಕೆಲಸ ಎಂದು ಮೂವತ್ತು ವರ್ಷ ದುಡಿದೆ. ಆ ಯಂತ್ರಗಳ ಸದ್ದು ಕಿವಿಯನ್ನು ತಿಂದಿತು. ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲಿಗೆ ಹೋದವನು ನಾನು, ಕಾಗದ ಬರೆಯುವ ಕ್ರಮವನ್ನು ಮಾಸ್ತರರು ಹೊಡೆದು ಕಲಿಸಿದ್ದಾರೆ.

ಸಿಮೆಂಟು ತೆಗೆದೆವು. ಒಳಗಿನ ಇಟ್ಟಿಗೆ ಒದ್ದೆ ಬಟ್ಟೆಯ ಹಾಗಿತ್ತು. ಎರಡು ದಿನ ಬಾಗಿಲು ತೆರೆದಿಟ್ಟ ಮೇಲೆ ಗೋಡೆ ಉಸಿರು ಬಿಟ್ಟಿತು. ಸುಣ್ಣ ಗುಂಡಿಯಲ್ಲಿ ಕೊಳೆಯುತ್ತಿದೆ, ಅದಕ್ಕೆ ಬೆರೆಸಲು ಅಳಲೆಕಾಯಿ ನೆನೆಹಾಕಿದ್ದೇನೆ. ಬೆಲ್ಲದ ನೀರಿಗೆ ಇರುವೆಯ ಕಾಟ ಬಹಳ.

ನೀವು ಕೇಳದಿದ್ದರೂ ಒಂದು ಮಾತು ಬರೆಯುತ್ತೇನೆ. ಈ ಚರ್ಚಿನ ಗೋಡೆಗೆ ಮೊದಲು ಸುಣ್ಣದ ಗಚ್ಚು ಬಳಿದವರು ನನ್ನ ಅಜ್ಜನ ಅಜ್ಜ ಹಾರೂನಸಾಬ. ಅಂದಿನಿಂದ ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಎಂಟು ದಿನ ಇರುವಾಗ ನಮ್ಮ ಮನೆಯವರು ಹೋಗಿ ಸುಣ್ಣ ಹಚ್ಚುತ್ತೇವೆ. ಯಾರೂ ಕರೆಯುವುದಿಲ್ಲ, ನಾವೂ ಯಾರನ್ನೂ ಕೇಳುವುದಿಲ್ಲ. ಬೀಗ ಬಿದ್ದ ಹನ್ನೆರಡು ವರ್ಷವೂ ನಾನು ಹೋಗಿದ್ದೇನೆ. ಕೀಲಿ ಇಟ್ಟುಕೊಂಡಿರುವ ಸಣ್ಣವ್ವ ಬಾಗಿಲು ತೆಗೆದುಕೊಡುತ್ತಿದ್ದಳು, ಸೋರುವ ಮಾಡಿನ ಕೆಳಗೆ ನಿಂತು ಹಚ್ಚುತ್ತಿದ್ದೆ. ನನಗೆ ಈಗ ಎಪ್ಪತ್ತೊಂದು. ಕಾಲು ನಡೆಯುವ ತನಕ ಡಿಸೆಂಬರಿನಲ್ಲಿ ಆ ಬಾಗಿಲು ದಾಟಿ ಒಳಗೆ ಹೋಗಬೇಕು. ಅದೊಂದು ಇದ್ದರೆ ನನಗೆ ಮತ್ತೇನೂ ಬೇಡ.

ಕಾಲಿಗೆ ಎಣ್ಣೆ ಗಿಣ್ಣೆ ತಿಕ್ಕಿಸಿಕೊಳ್ಳಬೇಡಿ. ಡಾಕ್ಟರು ಹೇಳಿದಂತೆ ಇರಿ.

ಮಶಾಕಸಾಬ


ಮೈಸೂರು
10 ಆಗಸ್ಟ್ 2023

ಕಾಕಾ,

ನಿಮ್ಮ ಅಕ್ಷರ ನನ್ನದಕ್ಕಿಂತ ಚೆಂದ. ಹೊಟ್ಟೆಕಿಚ್ಚಾಯಿತು.

ಪ್ರಭು ಕಳಿಸಿದ ಫೋಟೋಗಳಲ್ಲಿ ಒಂದನ್ನು ಮೂರು ದಿನದಿಂದ ನೋಡುತ್ತಿದ್ದೇನೆ. ಪಾದ್ರಿಯ ಕೋಣೆಯ ಬಾಗಿಲಿನ ಬಲಕ್ಕೆ, ಎದೆಯ ಎತ್ತರದಲ್ಲಿ, ಗಚ್ಚೇ ಇಲ್ಲದ ಒಂದು ಅಂಗೈಯಷ್ಟು ಜಾಗವಿದೆಯಲ್ಲ, ಅದೇನು? ಅಲ್ಲಿ ಓಡಾಡಿದಾಗ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೋ! ಸುತ್ತಲೂ ನೂರಾರು ಪದರ ಸುಣ್ಣ ದಪ್ಪವಾಗಿ ಕೂತಿದೆ, ಆ ಜಾಗಕ್ಕೆ ಮಾತ್ರ ಒಂದು ಹನಿಯೂ ಬಿದ್ದಿಲ್ಲ. ಯಾವುದೋ ಕಲ್ಲಿನ ಫಲಕವಿತ್ತು, ಯಾರೋ ಕಿತ್ತುಕೊಂಡು ಹೋದರು ಎಂದುಕೊಂಡೆ. ಆದರೆ ಮೊಳೆಯ ತೂತಿಲ್ಲ. ನೀರು ಕುಡಿದು ಗಚ್ಚು ಉದುರಿರಬೇಕು ಎಂದರೆ ಅಂಚು ಕರಣಿಯಲ್ಲಿ ಕತ್ತರಿಸಿದಷ್ಟು ನೇರವಾಗಿದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಅಲ್ಲಿನ ಇಟ್ಟಿಗೆ ನುಣುಪಾಗಿ ಹೊಳೆಯುತ್ತಿದೆ. ದನಗಳು ಮೈ ಉಜ್ಜಿರಬಹುದೇ? ಚರ್ಚಿನೊಳಗೆ ದನ ಯಾಕೆ ಬಂತು?

ನನಗೆ ತಲೆಬುಡ ಗೊತ್ತಾಗುತ್ತಿಲ್ಲ. ಪ್ರಭು ಅವರನ್ನು ಕೇಳಿದರೆ "ಮೊದಲಿಂದ ಹಂಗ ಐತ್ರಿ ಮೇಡಂ" ಎನ್ನುತ್ತಾರೆ. ನಿಮಗೆ ಗೊತ್ತಿರಲೇಬೇಕು. ಬರೆಯಿರಿ.

ರೋಹಿಣಿ


ಅಣ್ಣಿಗೇರಿ
22 ಆಗಸ್ಟ್ 2023

ರೋಹಿಣಿಬಾಯಿಯವರಿಗೆ ಸಲಾಮು.

ನಿನ್ನೆ ಪಂಚಮಿ. ಸಣ್ಣವ್ವ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕೊಟ್ಟಳು, ನಿಮ್ಮ ಪಾಲಿನದನ್ನೂ ನಾನೇ ತಿಂದೆ. ಈ ತಿಂಗಳು ಮಳೆ ಕೈ ಕೊಟ್ಟಿದೆ. ನಮ್ಮ ಗೋಡೆಗೆ ಒಳ್ಳೆಯದು, ಹೊಲಗಳಿಗೆ ಕೆಟ್ಟದ್ದು. ಸಂತೋಷಪಡಬೇಕೋ ಬೇಡವೋ ತಿಳಿಯುತ್ತಿಲ್ಲ.

ಎಡಗಡೆಯ ಗೋಡೆಗೆ ಮೊದಲನೆಯ ಗಚ್ಚು ಮುಗಿಯಿತು. ಪಾದ್ರಿಯ ಕೋಣೆಯ ಬಾಗಿಲಿನ ಎಡಪಕ್ಕದ ಭಾಗ ಬಹಳ ಚೆನ್ನಾಗಿ ಬಂದಿದೆ. ಉಗುರಿನಿಂದ ಗೀರಿದರೆ ಉಗುರೇ ಸವೆಯುತ್ತದೆ. ಗಂಟೆ ಇಳಿಸಿ ತೊಳೆದೆವು. ಮೊದಲು ಜಿನ್ನಿನ ಆಳುಗಳಿಗೆ ಪಾಳಿ ಬದಲಾಗುವುದು ಈ ಗಂಟೆಯಿಂದಲೇ ಗೊತ್ತಾಗುತ್ತಿತ್ತು. ಅದಕ್ಕೇ ಓಣಿಯ ಮುದುಕರು ಇದನ್ನು ಇನ್ನೂ ಗಂಟಿಗುಡಿ ಎನ್ನುತ್ತಾರೆ. ಪ್ರಭು ಅವರು ಬಾರಿಸಿದರು. ನನಗೆ ಕೇಳಿಸಲಿಲ್ಲ, ಕಂಬಕ್ಕೆ ಕೈ ಇಟ್ಟು ತಿಳಿದುಕೊಂಡೆ.

ನೀವು ಕೇಳಿದ ಜಾಗ ಗಟ್ಟಿಯಾಗಿದೆ. ಅದರ ಚಿಂತೆ ಬೇಡ.

ಮಶಾಕಸಾಬ


ಮೈಸೂರು
9 ಸೆಪ್ಟೆಂಬರ್ 2023

ಪ್ರೀತಿಯ ಕಾಕಾ,

ಸಿಕ್ಕಿತು! ನಿಮ್ಮ ಹಾರೂನಸಾಬರ ಬಣ್ಣ ಬಯಲಾಯಿತು.

ಚರ್ಚು ಕಟ್ಟಿಸಿದ ಪಾದ್ರಿಯ ದಿನಚರಿಯ ಪ್ರತಿ ಇಂಗ್ಲೆಂಡಿನಿಂದ ಬಂದಿದೆ. ರೈಲು ಬಂದ ಹೊಸದರಲ್ಲಿ ಅಣ್ಣಿಗೇರಿಗೆ ಬಂದ ಮನುಷ್ಯ ಆತ. ಸೆಕೆ, ಹತ್ತಿಯ ಧೂಳು, ಕೆಮ್ಮು ಬಿಟ್ಟರೆ ಬೇರೇನೂ ಬರೆಯುವುದಿಲ್ಲ. ಆದರೆ 1887ರ ಡಿಸೆಂಬರಿನಲ್ಲಿ ಹೀಗಿದೆ, ಕನ್ನಡದಲ್ಲಿ ಬರೆಯುತ್ತೇನೆ: "ಗೌಂಡಿ ಹಾರೂನ್ ಕೆಲಸ ಮುಗಿಸಿದ, ಬಾಗಿಲ ಬಳಿ ಒಂದು ಅಂಗೈ ಜಾಗ ಬಿಟ್ಟು. ಕೇಳಿದರೆ, ಸುಣ್ಣ ಸಾಲಲಿಲ್ಲ, ಮುಂದಿನ ವರ್ಷ ಬಂದು ಮಾಡುತ್ತೇನೆ ಎಂದ. ಸುಣ್ಣದ ಗುಂಡಿ ತುಂಬಿ ತುಳುಕುತ್ತಿದೆ." ಮರುವರ್ಷ: "ಹಾರೂನ್ ಬಂದ. ಗೋಡೆಗೆಲ್ಲ ಸುಣ್ಣ ಹಚ್ಚಿದ. ಆ ಜಾಗ ಮತ್ತೆ ಹಾಗೇ. ಸುಣ್ಣ ಸಾಲಲಿಲ್ಲವಂತೆ." ಮೂರನೆಯ ವರ್ಷ ಒಂದೇ ಸಾಲು: "ಈ ಮನುಷ್ಯ ನನಗೆ ಅರ್ಥವಾಗುವುದಿಲ್ಲ."

ಓದಿ ಬಿದ್ದು ಬಿದ್ದು ನಕ್ಕೆ, ಮುರಿದ ಕಾಲು ನೋಯುವಷ್ಟು. ಇಡೀ ಚರ್ಚಿಗೆ ಗಚ್ಚು ಹಾಕಿದವರಿಗೆ ಅಂಗೈಯಷ್ಟು ಜಾಗಕ್ಕೆ ಆಲಸ್ಯ ಬಂತೇ! ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ಆ ಜಾಗವನ್ನು ನೀವೇ ನಿಮ್ಮ ಕೈಯಾರೆ ಮುಚ್ಚಬೇಕು. ಅಜ್ಜನ ಅಜ್ಜ ಬಿಟ್ಟ ಕೆಲಸವನ್ನು ಮೊಮ್ಮಗನ ಮೊಮ್ಮಗ ನೂರಾ ಮೂವತ್ತಾರು ವರ್ಷದ ಮೇಲೆ ಮುಗಿಸಿದ ಎಂದು ಫೋಟೋ ಹಾಕಿ ಪುಸ್ತಿಕೆ ಅಚ್ಚು ಹಾಕಿಸುತ್ತೇವೆ. ಟ್ರಸ್ಟಿನವರಿಗೂ ಬಹಳ ಹಿಡಿಸಿದೆ.

ಇನ್ನೊಂದು ಒಳ್ಳೆಯ ಸುದ್ದಿ. ಮುಂದಿನ ಐದು ವರ್ಷ ಸುಣ್ಣಬಣ್ಣದ ಕೆಲಸಕ್ಕೆ ಟ್ರಸ್ಟಿನವರು ಬೇರೆಯವರನ್ನು ಗೊತ್ತು ಮಾಡುತ್ತಿದ್ದಾರೆ. ನೀವಿನ್ನು ಈ ವಯಸ್ಸಿನಲ್ಲಿ ನಿಚ್ಚಣಿಕೆ ಹತ್ತಬೇಕಾಗಿಲ್ಲ. ಡಿಸೆಂಬರಿನಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡುವುದಷ್ಟೇ ನಿಮ್ಮ ಕೆಲಸ.

ರೋಹಿಣಿ


ಅಣ್ಣಿಗೇರಿ
25 ಸೆಪ್ಟೆಂಬರ್ 2023

ಮೇಡಂ ಅವರಿಗೆ,

ತಮ್ಮ ಅಪ್ಪಣೆಯಂತೆ ಬಾಗಿಲಿನ ಬಲಗಡೆಯ ಜಾಗವನ್ನು ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು ಮುಚ್ಚಿದ್ದೇನೆ. ಗಚ್ಚಿನ ಕೆಲಸ ಪೂರ್ತಿಯಾಯಿತು. ಉಳಿದ ಎರಡು ಕೈ ಸುಣ್ಣವನ್ನು ಪ್ರಭು ಅವರ ಆಳುಗಳು ಹಚ್ಚಬಹುದು. ನಾನು ಮಗಳು ನಾಜಮೀನಳ ಮನೆಗೆ ಯಮನೂರಿಗೆ ಹೋಗುತ್ತಿದ್ದೇನೆ. ಇನ್ನು ಬರೆಯುವ ಕಾರಣವಿಲ್ಲ.

ಗೌಂಡಿ ಮಶಾಕಸಾಬ


ಮೈಸೂರು
4 ಅಕ್ಟೋಬರ್ 2023

ಕಾಕಾ,

ನಿಮ್ಮ ಕಾರ್ಡು ಓದಿ ತಲೆ ಕೆಟ್ಟಿದೆ. ನಾನು ಯಾವಾಗ ನಿಮಗೆ ಮೇಡಂ ಆದೆ? ಅಪ್ಪಣೆ ಎಂದರೇನು? ನಾನು ಕೊಟ್ಟದ್ದು ಅಪ್ಪಣೆಯಲ್ಲ, ನಿಮಗೆ ಸಲ್ಲಬೇಕಾದ ಗೌರವ.

ಪ್ರಭು ಏನಾದರೂ ಅಂದರೇ? ಕೇಳಿದೆ, "ನಾ ಏನೂ ಅಂದಿಲ್ರಿ. ಮುಚ್ಚಿದ್ರು, ಕೈ ತೊಳಕೊಂಡ್ರು, ಕರಣಿ ಇಲ್ಲೇ ಇಟ್ಟು ಹೋದ್ರು" ಎಂದರು. ಫೋಟೋ ತೆಗೆಯಲೂ ಬಿಡಲಿಲ್ಲವಂತೆ. ಹಾರೂನಸಾಬರನ್ನು ಆಲಸಿ ಎಂದದ್ದು ನೋವಾಯಿತೇ? ಅದು ತಮಾಷೆ ಕಾಕಾ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಚರ್ಚಿನ ಗೋಡೆಗೆ ಕೊನೆಯ ಕೈ ನಿಮ್ಮಿಂದ ಹಾಕಿಸಿದ್ದಕ್ಕೆ ನಿಮ್ಮವರು ಯಾರಾದರೂ ಆಡಿಕೊಂಡರೇ? ಇಷ್ಟು ವರ್ಷ ಆಡಿಕೊಳ್ಳದವರು ಈಗ ಯಾಕೆ? ನನಗೆ ಒಂದೂ ಬಗೆಹರಿಯುತ್ತಿಲ್ಲ.

ಪ್ರಭು ಅವರಿಂದ ನಾಜಮೀನಳಿಗೆ ಫೋನು ಮಾಡಿಸಿದೆ. "ಅಪ್ಪ ಆರಾಮ ಅದಾರ" ಎಂದು ಹೇಳಿ ಇಟ್ಟುಬಿಟ್ಟಳಂತೆ. ಆರಾಮಾಗಿದ್ದವರು ಕರಣಿ ಬಿಟ್ಟು ಹೋಗುತ್ತಾರೆಯೇ?

ರೋಹಿಣಿ


ಮೈಸೂರು
30 ಅಕ್ಟೋಬರ್ 2023

ಕಾಕಾ,

ಇಪ್ಪತ್ತಾರು ದಿನವಾಯಿತು. ಬೈದಾದರೂ ಒಂದು ಸಾಲು ಬರೆಯಿರಿ. ಕಾಲಿನ ಪಟ್ಟಿ ಬಿಚ್ಚಿದರು, ಕೋಲು ಹಿಡಿದು ನಡೆಯುತ್ತಿದ್ದೇನೆ. ಅದನ್ನು ಮೊದಲು ನಿಮಗೇ ಬರೆಯಬೇಕು ಎನಿಸಿತು, ಬರೆಯುತ್ತಿದ್ದೇನೆ. ನನಗೆ ಬಹಳ ಬೇಜಾರಾಗಿದೆ.

ರೋಹಿಣಿ


ಯಮನೂರು
10 ನವೆಂಬರ್ 2023

ರೋಹಿಣಿಬಾಯಿಯವರಿಗೆ,

ಎರಡೂ ಕಾಗದ ಒಟ್ಟಿಗೆ ಮುಟ್ಟಿದವು. ಅಣ್ಣಿಗೇರಿಯ ಅಂಚೆಯಲ್ಲಿ ಬಿದ್ದಿದ್ದವಂತೆ. ಕಾಲು ನೆಲಕ್ಕೆ ತಾಗಿತೆಂದು ಓದಿ ನೆಮ್ಮದಿಯಾಯಿತು. ನಾಜಮೀನ್ ಇಲ್ಲಿನ ದರ್ಗಾದಲ್ಲಿ ನಿಮ್ಮ ಹೆಸರಿನಲ್ಲಿ ಸಕ್ಕರೆ ಹಂಚಿದಳು.

ನೀವು ತಪ್ಪು ಮಾಡಿಲ್ಲ. ಕಟ್ಟಡ ನಿಮ್ಮ ಕೈಯಲ್ಲಿದೆ, ಯಾರು ಬರಬೇಕು ಯಾರು ಬೇಡ ಎಂಬುದು ನಿಮಗೆ ಬಿಟ್ಟದ್ದು. ಆದರೆ ಒಂದು ಮಾತು ನನಗೂ ತಿಳಿಯುತ್ತಿಲ್ಲ. ನನ್ನ ಕೆಲಸದಲ್ಲಿ ಏನು ಕಡಿಮೆ ಕಂಡಿರಿ? ಸುಣ್ಣ ಒಂದು ತಿಂಗಳು ಕೊಳೆತಿತ್ತು. ಮರಳು ಮೂರು ಸಲ ತೊಳೆಸಿದ್ದೆ. ನಿಮ್ಮ ಸೆಪ್ಟೆಂಬರಿನ ಕಾಗದವನ್ನು ಮೂರು ಸಲ ಓದಿದೆ. ಕಣ್ಣೂ ಹೋಯಿತೇನೋ ಎಂದು ನಾಜಮೀನಳಿಂದ ಓದಿಸಿ ತುಟಿ ನೋಡಿದೆ. ಅದೇ ಇತ್ತು. ಇಷ್ಟು ನಗುನಗುತ್ತಾ ಒಬ್ಬ ಮನುಷ್ಯನನ್ನು ಬಾಗಿಲಾಚೆ ಕಳಿಸುವುದನ್ನು ನಾನು ನೋಡಿರಲಿಲ್ಲ.

ಆ ಜಾಗದ ಬಗ್ಗೆ ನೀವು ಕೇಳಿದಾಗ ನಾನು ಯಾಕೆ ಹೇಳಲಿಲ್ಲ ಎಂದು ಮಗಳು ಜಗಳ ಮಾಡುತ್ತಾಳೆ. ಕೆಲವನ್ನು ಬಾಯಿಬಿಟ್ಟು ಕೇಳಬಾರದು. ಕೇಳಿದ ಮೇಲೆ ಸಿಕ್ಕರೆ ಅದು ಭಿಕ್ಷೆ.

ಡಿಸೆಂಬರ್ ಬಂದರೆ ಕೈ ಸುಮ್ಮನಿರುವುದಿಲ್ಲ. ಇಲ್ಲಿ ಮಗಳ ಅಡಿಗೆಮನೆಗೆ ಸುಣ್ಣ ಹಚ್ಚುತ್ತೇನೆ.

ಮಶಾಕಸಾಬ


ಅಣ್ಣಿಗೇರಿ
12 ಡಿಸೆಂಬರ್ 2023

ಕಾಕಾ,

ನಿಮ್ಮ ಕಾಗದ ಓದಿದ ಮೇಲೆ ಮೈಸೂರಿನಲ್ಲಿ ಕೂರಲಾಗಲಿಲ್ಲ. ಡಾಕ್ಟರರ ಕೈಕಾಲು ಹಿಡಿದು ಮೊನ್ನೆ ರೈಲಿನಲ್ಲಿ ಬಂದೆ. ಸ್ಟೇಷನ್ನಿನಿಂದ ನೇರ ಚರ್ಚಿಗೆ ಹೋದೆ. ಜಿನ್ನುಗಳು ಶುರುವಾಗಿವೆ, ಓಣಿಯ ತುಂಬ ಹತ್ತಿ ಹಾರುತ್ತಿದೆ. ಸಣ್ಣವ್ವ ಕೀಲಿ ತಂದಳು, ಬಾಗಿಲು ತೆಗೆಯಲಿಲ್ಲ.

"ಏನ್ ಬೇ ತಂಗಿ, ನಮ್ಮ ಗೌಂಡಿಗೆ ಯಾಕ ಬ್ಯಾಡ ಅಂದಿ?" ಎಂದಳು.

"ನಾನು ಬೇಡ ಅನ್ನಲಿಲ್ಲ ಅವ್ವಾ."

"ಮತ್ತ ಅಂಗೈ ಯಾಕ ಮುಚ್ಚಿಸಿದಿ? ಗೌಂಡಿ ಪೂರಾ ಮುಗಿಸಿದ ಅಂದ್ರ ಆ ಮನಿ ಸಂಬಂಧ ಅವಗ ತೀರಿತು. ಅಂಗೈಯಷ್ಟು ಬಿಟ್ಟಾನಂದ್ರ ಕೆಲಸ ಬಾಕಿ ಐತಿ, ಮತ್ತ ಬರಾಕ ಹಕ್ಕೈತಿ. ಅವರಜ್ಜ ಬಿಟ್ಟ, ಅವರಪ್ಪ ಬಿಟ್ಟ, ಇವನೂ ಬಿಟ್ಟ. ವರ್ಷಾ ವರ್ಷಾ ಬಂದ ಕೂಡಲೆ ಮೊದಲ ಅದರ ಮ್ಯಾಲ ಕೈ ಇಡತಿದ್ದ, 'ಬಂದೆ' ಅಂತಿದ್ದ. ಆಮ್ಯಾಲ ಸುಣ್ಣದ ಬಕೀಟ ಮುಟ್ಟತಿದ್ದ. ಇಷ್ಟೂ ಗೊತ್ತಿಲ್ಲೇನ ನಿನಗ?"

ಗೊತ್ತಿರಲಿಲ್ಲ ಕಾಕಾ. ಇಲ್ಲೇ ಕುಂದಗೋಳದಲ್ಲಿ ಹುಟ್ಟಿದವಳು ನಾನು. ಸಿಮೆಂಟಿನ ಮನೆಯಲ್ಲಿ ಬೆಳೆದೆ, ಇಂಗ್ಲೆಂಡಿನಿಂದ ದಿನಚರಿ ತರಿಸಿ ಓದಿದೆ. ಓಣಿಯ ಮುದುಕಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಇಟ್ಟಿಗೆ ಯಾಕೆ ನುಣುಪಾಗಿತ್ತೆಂದು ಈಗ ತಿಳಿಯಿತು. ಅದನ್ನು ದನ ಎಂದು ಬರೆದೆನಲ್ಲ, ನೆನೆಸಿದರೆ ನಾಚಿಕೆಯಾಗುತ್ತದೆ.

ಒಳಗೆ ಹೋಗಿ ನೀವು ಮುಚ್ಚಿದ ಜಾಗವನ್ನು ಕೆತ್ತಲು ನೋಡಿದೆ. ಒಂದು ಗಂಟೆ ಉಳಿ ಹಿಡಿದು ಕೂತರೂ ಒಂದು ಚಕ್ಕೆ ಏಳಲಿಲ್ಲ. ಅಂಥ ಗಚ್ಚು. ಸಣ್ಣವ್ವ ನೋಡಿ ನೋಡಿ ಸಾಕಾಗಿ, "ಬಿಡ ಬೇ. ನೀ ತಗದ್ರ ಅದು ಕೆತ್ತಿದ್ದಾಗತೈತಿ, ಬಿಟ್ಟಿದ್ದಾಗೂದಿಲ್ಲ. ಬಿಡೂದು ಗೌಂಡಿನ ಕೈಯಾಗ ಇರತೈತಿ" ಎಂದಳು. ಉಳಿ ಕೆಳಗಿಟ್ಟು ಅತ್ತೆ. ಅವಳು ಬೈಯುವುದನ್ನು ನಿಲ್ಲಿಸಿ ಚಹಾ ತರಿಸಿದಳು.

ಈಗ ನಾನು ಮಾಡಿದ್ದನ್ನು ಕೇಳಿ ನೀವು ಬೈಯಬಹುದು. ಅದೇ ಬಾಗಿಲಿನ ಎಡಕ್ಕೆ ಈ ವರ್ಷ ನೀವೇ ಹಾಕಿದ ಗಚ್ಚನ್ನು, ಬಹಳ ಚೆನ್ನಾಗಿ ಬಂದಿದೆ ಎಂದು ನೀವೇ ಬರೆದದ್ದನ್ನು, ನಾಲ್ಕು ಆಳು ಹಚ್ಚಿ ಇಟ್ಟಿಗೆಯವರೆಗೆ ಬಿಚ್ಚಿಸಿದ್ದೇನೆ. ಆಳೆತ್ತರ, ಎರಡು ಮೊಳ ಅಗಲ. ಎರಡು ದಿನ ಹಿಡಿಯಿತು, ಎರಡು ಉಳಿ ಮುರಿದವು. ಪ್ರಭು ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೆ. ಟ್ರಸ್ಟಿನವರು ಕಿರುಚಾಡಿದರು. ಹನ್ನೆರಡು ದಿನದಲ್ಲಿ ಪ್ರಾರ್ಥನೆ, ಗೋಡೆ ಬತ್ತಲೆ ನಿಂತಿದೆ. ಸುಣ್ಣಬಣ್ಣಕ್ಕೆ ಬೇರೆ ಯಾರೂ ಬೇಡ, ಇದನ್ನು ಮಶಾಕಸಾಬರ ಮನೆಯವರೇ ಮಾಡುತ್ತಾರೆ ಎಂದು ಹೇಳಿ, ಬರೆಯಿಸಿ, ಸಹಿ ಹಾಕಿಸಿಕೊಂಡಿದ್ದೇನೆ. ಬೇರೆ ಗೌಂಡಿ ಮುಟ್ಟಿದರೆ ನಾನು ಈ ಕೆಲಸ ಬಿಡುತ್ತೇನೆ ಎಂದೂ ಹೇಳಿದ್ದೇನೆ. ಸುಳ್ಳಲ್ಲ.

ಬಲಗಡೆ ಮುಚ್ಚಿದ್ದು ಹಾಗೇ ಇರಲಿ. ಅದು ನನ್ನ ತಪ್ಪು, ಎಲ್ಲರ ಕಣ್ಣಿಗೆ ಬೀಳಲಿ. ಎಡಗಡೆಯದು ನಿಮ್ಮ ಕೆಲಸ. ನೀವು ಕೇಳುತ್ತಿಲ್ಲ, ನಾನು ಕೇಳುತ್ತಿದ್ದೇನೆ. ಭಿಕ್ಷೆಯಾದರೆ ಅದು ನನ್ನದು.

ಹದಿನೈದಕ್ಕೆ ಕಾಲಿನ ಪರೀಕ್ಷೆಗೆ ಮೈಸೂರಿಗೆ ಹೋಗಲೇಬೇಕು, ಮತ್ತೆ ಇಷ್ಟು ದೂರ ಬರಲು ಬಿಡುವುದಿಲ್ಲ. ನೀವು ಬರುತ್ತೀರೋ ಇಲ್ಲವೋ ನೋಡಲು ನಾನು ಇಲ್ಲಿರುವುದಿಲ್ಲ. ನಿಮ್ಮ ಕರಣಿಯನ್ನು ಒರೆಸಿ ಸಣ್ಣವ್ವನ ಕೈಯಲ್ಲಿ ಕೊಟ್ಟಿದ್ದೇನೆ.

ರೋಹಿಣಿ


ಅಣ್ಣಿಗೇರಿ
24 ಡಿಸೆಂಬರ್ 2023

ಮಗಳು ರೋಹಿಣಿಗೆ ಮಶಾಕಸಾಬ ಕಾಕಾನ ಸಲಾಮು.

ಒಳ್ಳೆಯ ಗಚ್ಚನ್ನು ಹಾಳು ಮಾಡಿದೆಯಲ್ಲ. ನೋಡಿ ಹೊಟ್ಟೆ ಉರಿಯಿತು. ಸಿಟ್ಟು ಇಳಿದ ಮೇಲೆ ಮರಳು ತೊಳೆಸಿದೆ.

ಇವತ್ತು ಪ್ರಾರ್ಥನೆ ಆಯಿತು. ಜನ ಬಹಳ. ಜಿನ್ನಿನ ಹೆಣ್ಣುಮಕ್ಕಳು ತಲೆಯ ಮೇಲಿನ ಹತ್ತಿ ಕೊಡವಿಕೊಳ್ಳದೆ ಹಾಗೇ ಬಂದಿದ್ದರು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು, ನಾನು ಕೂರಲಿಲ್ಲ. ಬಾಗಿಲಿನ ಹತ್ತಿರ ನಿಂತೆ. ಗಂಟೆ ಬಾರಿಸುವಾಗ ಗೋಡೆಗೆ ಕೈ ಇಟ್ಟಿದ್ದೆ, ಚೆನ್ನಾಗಿ ಬಾರಿಸಿದರು.

ಎಡಗಡೆಯ ಗೋಡೆ ಆಯಿತು. ಕೊನೆಯಲ್ಲಿ ಎದೆಯೆತ್ತರಕ್ಕೆ ಒಂದು ಅಂಗೈ ಜಾಗ ಹಾಗೇ ಉಳಿಯಿತು. ಏನು ಮಾಡುವುದು, ಸುಣ್ಣ ಸಾಲಲಿಲ್ಲ. ಮುಂದಿನ ವರ್ಷ ಬಂದು ಮಾಡುತ್ತೇನೆ.

ಮಶಾಕಸಾಬ